ಮಾವನ ಫಿಯೆಟ್ಟು, ಮೂರನೇ ಸಿಲಿಂಡರು

(ಫೋರ್ಟ್‌ನಲ್ಲಿ ಭಾನುವಾರ ಬೆಳಗ್ಗೆ ಆಡಿದ ಮಾತಿನ ಬರಹ ರೂಪ. ವಿಡಿಯೋದಲ್ಲಿ ತೊದಲಿದ್ದನ್ನೂ ಎರಡೆರಡು ಸಲ ಹೇಳಿದ್ದನ್ನೂ ಇಲ್ಲಿ ತೆಗೆದಿದ್ದೇನೆ. ಉಳಿದದ್ದು ಹಾಗೇ ಇದೆ.)

ಹಿಂದೆ ಕೂತವರಿಗೆ ಕೇಳಿಸ್ತಿದೆಯಾ? ಸರಿ.

ವಾರದ ದಿನಗಳಲ್ಲಿ ಚರ್ಚ್‌ಗೇಟ್‌ನಿಂದಲೋ ವಿಟಿಯಿಂದಲೋ ಜನರ ಜೊತೆ ನೂಕಿಸಿಕೊಂಡು ಇಲ್ಲಿಗೆ ಬರೋ ನಮಗೆ ಭಾನುವಾರದ ಫೋರ್ಟ್ ನೋಡಿದ್ರೆ ಬೇರೆ ಊರೇ ಅನ್ಸುತ್ತೆ. ಇವತ್ತು ನಾನು ಕಾರಲ್ಲಿ ಬಂದೆ. 1986ರ ಪ್ರೀಮಿಯರ್ ಪದ್ಮಿನಿ. ನಮ್ಮ ಮನೇಲಿ ಯಾರೂ ಅದನ್ನ ಪದ್ಮಿನಿ ಅನ್ನಲ್ಲ, ಫಿಯೆಟ್ ಅಂತಲೇ ಕರೆಯೋದು. ಹಾರ್ನಿಮನ್ ಸರ್ಕಲ್ ಹತ್ತಿರ ನಿಲ್ಲಿಸಿ ಬಂದಿದ್ದೀನಿ. ಚಳಿಗಾಲದಲ್ಲಿ ವಿಂಟೇಜ್ ಕಾರುಗಳ ಮೆರವಣಿಗೆ ಹೊರಡೋ ಜಾಗ ಅದು. ನಮ್ಮದು ಅಂಥ ಕಾರಲ್ಲ. ಕ್ರೋಮ್ ಹೊಳೆಯಲ್ಲ, ಬಾಗಿಲಲ್ಲಿ ಒಂದು ತಗ್ಗು ಹಾಗೇ ಇದೆ. ಆದ್ರೆ ಹನ್ನೊಂದು ವರ್ಷ ನಿಂತಿದ್ದ ಗಾಡಿ ಮುಲುಂಡ್‌ನಿಂದ ಇಲ್ಲಿವರೆಗೆ ತಾನಾಗೇ ಬಂತು. ಅದರ ಕಥೆ ಹೇಳ್ತೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ಮೆಕ್ಯಾನಿಕಲ್ ಓದಿದವನಲ್ಲ. ಕುಂದಾಪುರದ ಹತ್ತಿರದವನು, ಸುರತ್ಕಲ್‌ನಲ್ಲಿ ಕಂಪ್ಯೂಟರ್ ಸೈನ್ಸ್ ಎಂಟೆಕ್ ಮಾಡಿದೆ, ಈಗ ಬ್ಯಾಂಕ್‌ಗಳಿಗೆ ಸಾಫ್ಟ್‌ವೇರ್ ಬರೀತೀನಿ. ಕಾರು ನನ್ನ ಸೋದರಮಾವನದು. ಅವರು ಹುಡುಗನಾಗಿದ್ದಾಗ ಇದೇ ಫೋರ್ಟ್‌ಗೆ ಬಂದು ಹೋಟೆಲಲ್ಲಿ ತಟ್ಟೆ ತೊಳೆದು, ರಾತ್ರಿ ಕನ್ನಡ ಶಾಲೆಗೆ ಹೋಗಿ ಓದಿದವರು. ಹೋಟೆಲ್ ಹುಡುಗರಿಗೆ ಇಲ್ಲಿ ಕನ್ನಡ ರಾತ್ರಿ ಶಾಲೆಗಳಿದ್ದವು, ನಿಮ್ಮಲ್ಲಿ ಹಿರಿಯರಿಗೆ ಗೊತ್ತು. ಆಮೇಲೆ ಅವರೇ ಒಂದು ಆಫೀಸ್ ಕ್ಯಾಂಟೀನ್ ನಡೆಸಿದರು. 1991ರಲ್ಲಿ ಈ ಕಾರನ್ನ ಸೆಕೆಂಡ್ ಹ್ಯಾಂಡ್ ತಗೊಂಡರು. ಬೆಳಗ್ಗೆ ಐದಕ್ಕೆ ದಾದರ್‌ನಿಂದ ತರಕಾರಿ, ಬಾಳೆ ಎಲೆ, ತೆಂಗಿನಕಾಯಿ ಡಿಕ್ಕಿಯಲ್ಲಿ ಹಾಕ್ಕೊಂಡು ಫೋರ್ಟ್‌ಗೆ ಬರೋದು. ಇಪ್ಪತ್ತೆರಡು ವರ್ಷ.

2013ರ ಮೇ ತಿಂಗಳು. ಅತ್ತೆಯ ತಂಗಿ ಮಗಳ ಮದುವೆ ಊರಲ್ಲಿ. ವಿಟಿಯಿಂದ ಮಂಗಳೂರು ಕಡೆಯ ರಾತ್ರಿ ರೈಲು. ಮಾವ, ಅತ್ತೆ, ನಾಲ್ಕು ಪೆಟ್ಟಿಗೆ. ಲಾಲ್‌ಬಾಗ್ ಫ್ಲೈಓವರ್ ಮೇಲೆ ಗಾಡಿ ನಿಂತಿತು. ಮಾವ ಒದ್ದೆ ಬಟ್ಟೆ ಹಾಕಿದರು, ಕಾದರು, ಮತ್ತೆ ಸ್ಟಾರ್ಟ್ ಮಾಡಿದರು, ಐವತ್ತು ಮೀಟರ್ ಹೋಯ್ತು, ನಿಂತಿತು. ರೈಲು ತಪ್ಪಿತು. ಮದುವೆಗೆ ತಲುಪಿದಾಗ ಊಟದ ಎಲೆ ಎತ್ತುತಿದ್ದರಂತೆ. ಅತ್ತೆ ಅವತ್ತು ಒಂದೇ ಮಾತು ಹೇಳಿದರು: "ನಾನಿನ್ನು ಈ ಗಾಡಿ ಹತ್ತುದಿಲ್ಲ." ಮಾವ ಕಾರನ್ನ ಎಳೆಸಿಕೊಂಡು ಬಂದು ಬಿಲ್ಡಿಂಗ್ ಕೆಳಗೆ ನಿಲ್ಲಿಸಿ ಟಾರ್ಪಾಲು ಹೊದಿಸಿದರು. ಎಂಜಿನ್ ಸೀಜ್ ಆಗಿದೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದರು. ತೆಗೆಸಿ ನೋಡಲಿಲ್ಲ.

ಕಳೆದ ವರ್ಷ ಗಣೇಶ ಚತುರ್ಥಿ ಹೊತ್ತಿಗೆ ಅವರ ಬಿಲ್ಡಿಂಗ್ ರೀಡೆವಲಪ್‌ಮೆಂಟ್ ಅಂತಾಯ್ತು. ಮುಂಬೈನಲ್ಲಿ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಜನವರಿ ಕೊನೆಗೆ ಎಲ್ಲರೂ ಖಾಲಿ ಮಾಡಬೇಕು, ನಡೆಯದ ಗಾಡಿಗಳನ್ನ ಗುಜರಿಗೆ ಹಾಕಬೇಕು. ನಾನು ಕೇಳಿದೆ, ಮಾವ ಟಿವಿಯಿಂದ ಕಣ್ಣು ತೆಗೀದೇ ಹೇಳಿದರು: "ಕೊಟ್ಬಿಡು ಮಗಾ. ಅದು ಇನ್ನು ಏಳುದಿಲ್ಲ." ಅವರ ದನಿ ಕೇಳಿ ನನಗೆ ಸರಿ ಅನ್ನಿಸಲಿಲ್ಲ. ನಾಲ್ಕು ತಿಂಗಳು ಇದೆ, ಶನಿವಾರ ಭಾನುವಾರ ಬರ್ತೀನಿ ಅಂದೆ. ಆಯ್ತು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಕೀ ಎಲ್ಲಿದೆ ಅಂತ ಮಾತ್ರ ಹೇಳಿದರು.

ಈ ಕಾರಿನ ಬಗ್ಗೆ ಎರಡು ಮಾತು, ಯಾಕಂದ್ರೆ ನಮ್ಮಲ್ಲಿ ಕಿರಿಯರು ಇದನ್ನ ಟ್ಯಾಕ್ಸಿಯಾಗಿ ಮಾತ್ರ ನೋಡಿರ್ತೀರಿ. ಮೂಲ ಇಟಲಿಯ ಫಿಯೆಟ್ 1100. ಇಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್‌ನವರು ಕುರ್ಲಾದಲ್ಲಿ ಮಾಡ್ತಿದ್ದರು. ಅದನ್ನ 1944ರಲ್ಲಿ ಕಟ್ಟಿದವರು ವಾಲ್‌ಚಂದ್ ಹೀರಾಚಂದ್. ಬೆಂಗಳೂರಲ್ಲಿ ಓಲ್ಡ್ ಏರ್‌ಪೋರ್ಟ್ ರೋಡಲ್ಲಿ ಟ್ರಾಫಿಕ್‌ನಲ್ಲಿ ಕೂತವರೆಲ್ಲ ಕೇಳಿ, 1940ರಲ್ಲಿ ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದ್ರೆ ಇವತ್ತಿನ ಎಚ್‌ಎಎಲ್ ಶುರು ಮಾಡಿದ್ದೂ ಅವರೇ. ಪದ್ಮಿನಿ ಅನ್ನೋ ಹೆಸರು ಬಂದದ್ದು 1974ರಲ್ಲಿ. ಮುಂಬೈನ ಕೊನೆಯ ಪದ್ಮಿನಿ ಟ್ಯಾಕ್ಸಿ ರಿಜಿಸ್ಟರ್ ಆಗಿದ್ದು 2003ರ ಅಕ್ಟೋಬರ್‌ನಲ್ಲಿ. ಇಲ್ಲಿ ಟ್ಯಾಕ್ಸಿಗೆ ಇಪ್ಪತ್ತು ವರ್ಷದ ಮಿತಿ ಇರೋದರಿಂದ 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆಯಿಂದ ಹೋದವು. ನಮ್ಮಂಥವರಿಗೆ ಇದರಿಂದ ಆದ ತೊಂದರೆ ಏನಂದ್ರೆ, ಬಿಡಿಭಾಗ ಹೇಗೋ ಸಿಗುತ್ತೆ, ಆದ್ರೆ ಆ ಎಂಜಿನ್ ಕೈಯಲ್ಲಿ ಮುಟ್ಟಿ ಗೊತ್ತಿರೋ ಮೇಸ್ತ್ರಿಗಳು ಒಬ್ಬೊಬ್ಬರಾಗಿ ಅಂಗಡಿ ಮುಚ್ಚಿ ಊರಿಗೆ ಹೋಗ್ತಿದ್ದಾರೆ.

ಎಂಜಿನ್ ಚಿಕ್ಕದು, 1089 ಸಿಸಿ. ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಕೆಳಗೆ ಬೀಡು ಕಬ್ಬಿಣದ ಬ್ಲಾಕು, ಮೇಲೆ ಅಲ್ಯೂಮಿನಿಯಂ ಹೆಡ್. ಒಂದು ಕಾರ್ಬೊರೇಟರ್, ಒಂದು ಡಿಸ್ಟ್ರಿಬ್ಯೂಟರ್. ಸೆನ್ಸರ್ ಇಲ್ಲ, ಇಸಿಯು ಇಲ್ಲ. ಬಾನೆಟ್ ತೆಗೆದರೆ ಎಂಜಿನ್ ಪಕ್ಕ ಕೈ ಆಡಿಸೋಕೆ ಜಾಗ ಇರುತ್ತೆ. ಈಗಿನ ಕಾರಲ್ಲಿ ಪ್ಲಾಸ್ಟಿಕ್ ಮುಚ್ಚಳ ನೋಡಿ ಬಾನೆಟ್ ಹಾಕಿಬಿಡ್ತೀವಲ್ಲ, ಹಾಗಲ್ಲ.

ನನ್ನ ಮೊದಲ ಪ್ಲಾನ್ ಏನಿತ್ತು ಗೊತ್ತಾ? ಎಂಜಿನ್ ಪೂರ್ತಿ ಇಳಿಸಿ, ಬಿಚ್ಚಿ, ಬೋರ್ ಮಾಡಿಸಿ, ಹೊಸ ಪಿಸ್ಟನ್ ಹಾಕಿ ಕಟ್ಟೋದು. ಹಳೇ ಕೋಡ್ ಕೈಗೆ ಬಂದ ಕೂಡಲೇ ಮೊದಲಿಂದ ಬರೆಯೋಣ ಅನ್ಸುತ್ತಲ್ಲ, ಅದೇ ರೋಗ. ಗ್ರಾಂಟ್ ರೋಡ್ ಕಡೆ ಒಬ್ಬ ಹಳೇ ಟ್ಯಾಕ್ಸಿ ಮೇಸ್ತ್ರಿ ಸಿಕ್ಕಿದ್ದರು. ನನ್ನ ಪಟ್ಟಿ ನೋಡಿ ಅವರು ಕೇಳಿದ್ದು ಒಂದೇ: "ಬಿಮಾರಿ ಕ್ಯಾ ಹೈ?" ಕಾಯಿಲೆ ಏನು? ನನ್ನ ಹತ್ತಿರ ಉತ್ತರ ಇರಲಿಲ್ಲ. ಮೂವತ್ತೆರಡು ಐಟಂ ಇದ್ದ ಸ್ಪ್ರೆಡ್‌ಶೀಟ್ ಇತ್ತು.

ಹಾಗಾಗಿ ಮೊದಲ ಮೂರು ವಾರ ನಾನು ಏನನ್ನೂ ಬಿಚ್ಚಲಿಲ್ಲ, ಪರೀಕ್ಷೆ ಮಾಡಿದೆ ಅಷ್ಟೇ.

ವರ್ಷಗಟ್ಟಲೆ ನಿಂತ ಎಂಜಿನ್‌ಗೆ ಬ್ಯಾಟರಿ ಕೊಟ್ಟು ಸೀದಾ ಸೆಲ್ಫ್ ಹೊಡೀಬಾರದು. ರಿಂಗ್‌ಗಳು ಸಿಲಿಂಡರ್ ಗೋಡೆಗೆ ತುಕ್ಕಿನಲ್ಲಿ ಅಂಟಿರಬಹುದು, ಒತ್ತಾಯ ಮಾಡಿದರೆ ಮುರಿಯುತ್ತೆ. ನಾಲ್ಕೂ ಸ್ಪಾರ್ಕ್ ಪ್ಲಗ್ ತೆಗೆದು, ಪ್ರತಿ ತೂತಿಗೂ ಎರಡು ಚಮಚ ತೆಳು ಎಣ್ಣೆ ಬಿಟ್ಟು, ಒಂದು ವಾರ ಸುಮ್ಮನೆ ಬಿಟ್ಟೆ. ಮುಂದಿನ ಶನಿವಾರ ಸ್ಟೀರಿಂಗ್ ಪಕ್ಕದ ಗೇರ್ ಕಡ್ಡಿಯನ್ನ ಟಾಪ್ ಗೇರಿಗೆ ಹಾಕಿ, ವಾಚ್‌ಮನ್ ಜೊತೆ ಸೇರಿ ಗಾಡಿಯನ್ನ ಮುಂದಕ್ಕೆ ಹಿಂದಕ್ಕೆ ಮೆಲ್ಲಗೆ ಅಲ್ಲಾಡಿಸಿದೆ. ಮೂರನೇ ಸಲಕ್ಕೆ ಫ್ಯಾನ್ ತಿರುಗಿತು. ಸೀಜ್ ಆಗಿರಲೇ ಇಲ್ಲ! ಮೇಲೆ ಹೋಗಿ ಮಾವನಿಗೆ ಹೇಳಿದೆ. "ಹೌದಾ?" ಅಂದರು. ಸ್ವಲ್ಪ ಹೊತ್ತು ಬಿಟ್ಟು ಬಾಲ್ಕನಿಗೆ ಬಂದು ಕೆಳಗೆ ನೋಡ್ತಾ ನಿಂತಿದ್ದರು.

ಹಳೇ ಪೆಟ್ರೋಲ್ ಪೂರ್ತಿ ಇಳಿಸಿದೆ. ಹನ್ನೊಂದು ವರ್ಷದ ಪೆಟ್ರೋಲ್ ಅಂದ್ರೆ ವಾರ್ನಿಷ್ ವಾಸನೆಯ ಕಂದು ನೀರು. ಎಂಜಿನ್ ಆಯಿಲ್ ಬದಲಿಸಿದೆ. ಆಮೇಲೆ ಕಂಪ್ರೆಷನ್ ಟೆಸ್ಟ್. ಪ್ಲಗ್ ತೂತಿಗೆ ಗೇಜ್ ಸಿಕ್ಕಿಸಿ ಸೆಲ್ಫ್ ಹೊಡೆದರೆ ಪಿಸ್ಟನ್ ಎಷ್ಟು ಒತ್ತಡ ಕಟ್ಟುತ್ತೆ ಅಂತ ತೋರಿಸುತ್ತೆ. ಒಂದರಿಂದ ನಾಲ್ಕರ ತನಕ ಬಂದ ರೀಡಿಂಗ್: 118, 121, 40, 116 ಪಿಎಸ್‌ಐ. ಮೂರನೆಯದು ಸತ್ತಿದೆ, ಉಳಿದ ಮೂರೂ ವಯಸ್ಸಿಗೆ ಸರಿಯಾಗೇ ಇವೆ.

ಯಾಕೆ ಸತ್ತಿದೆ ಅನ್ನೋದಕ್ಕೆ ಮೂರು ಕಾರಣ ಇರಬಹುದು. ರಿಂಗ್, ವಾಲ್ವ್, ಅಥವಾ ಹೆಡ್ ಗ್ಯಾಸ್ಕೆಟ್. ಗ್ಯಾಸ್ಕೆಟ್ ಎರಡು ಸಿಲಿಂಡರ್ ನಡುವೆ ಹೋಗಿದ್ದರೆ ಸಾಮಾನ್ಯವಾಗಿ ಅಕ್ಕಪಕ್ಕದ ಎರಡೂ ಬೀಳುತ್ತವೆ, ಇಲ್ಲಿ ಒಂದೇ ಬಿದ್ದಿದೆ. ರಿಂಗ್ ಹೌದೋ ಅಲ್ಲವೋ ನೋಡೋಕೆ ಆ ಸಿಲಿಂಡರ್‌ಗೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. ಎಣ್ಣೆ ರಿಂಗ್ ಸುತ್ತ ತಾತ್ಕಾಲಿಕವಾಗಿ ಸೀಲ್ ಮಾಡುತ್ತೆ, ಒತ್ತಡ ಏರಿದರೆ ರಿಂಗ್‌ದೇ ತಪ್ಪು. ನಲವತ್ತು ಇದ್ದದ್ದು ನಲವತ್ತೈದಾಯ್ತು ಅಷ್ಟೇ. ಹಾಗಾದ್ರೆ ವಾಲ್ವ್. ಯಾವ ವಾಲ್ವ್? ಮೂರನೇ ಪಿಸ್ಟನ್ ಮೇಲೆ ಬಂದು ಎರಡೂ ವಾಲ್ವ್ ಮುಚ್ಚಿರೋ ಸ್ಥಿತಿಯಲ್ಲಿ ನಿಲ್ಲಿಸಿ, ಟಯರ್‌ಗೆ ಗಾಳಿ ತುಂಬೋ ಪಂಪ್‌ನಿಂದ ಪ್ಲಗ್ ತೂತಿಗೆ ಗಾಳಿ ಬಿಟ್ಟೆ. ಎಲ್ಲಿಂದ ಬುಸ್ ಅನ್ನುತ್ತೋ ಅಲ್ಲಿ ಸೋರಿಕೆ. ಕಾರ್ಬೊರೇಟರ್ ಬಾಯಲ್ಲಿ ಕೇಳಿದರೆ ಇನ್‌ಟೇಕ್, ಸೈಲೆನ್ಸರ್ ಬಾಯಲ್ಲಿ ಕೇಳಿದರೆ ಎಕ್ಸಾಸ್ಟ್. ನಾನು ಪಂಪ್ ಹಿಡ್ಕೊಂಡಿದ್ದೆ, ಹಿಂದೆ ಹೋಗಿ ಕೇಳೋಕೆ ಯಾರೂ ಇರಲಿಲ್ಲ. ನೋಡಿದ್ರೆ ಲುಂಗಿ ಎತ್ತಿ ಕಟ್ಟಿಕೊಂಡು, ಎಪ್ಪತ್ತನಾಲ್ಕು ವರ್ಷದ ಮಾವ ಸೈಲೆನ್ಸರ್ ಹತ್ತಿರ ಕುಕ್ಕರಗಾಲಲ್ಲಿ ಕೂತಿದ್ದಾರೆ. "ಇಲ್ಲೇ ಬತ್ತಾ ಉಂಟು ಮಾರಾಯ!"

ಮೂರನೇ ಸಿಲಿಂಡರಿನ ಎಕ್ಸಾಸ್ಟ್ ವಾಲ್ವ್. ಮೂವತ್ತೆರಡು ಐಟಂ ಪಟ್ಟಿ ಹೆಡ್ ಒಂದನ್ನ ಬಿಚ್ಚೋದಕ್ಕೆ ಇಳೀತು. ಬೋರಿಂಗ್ ಬೇಡ, ಪಿಸ್ಟನ್ ಬೇಡ, ಎಂಜಿನ್ ಇಳಿಸೋದೇ ಬೇಡ.

ಹೆಡ್ ಬಿಚ್ಚೋಕೆ ಒಂದೂವರೆ ದಿನ. ಪುಷ್ ರಾಡ್ ಎಂಟಿರುತ್ತೆ, ಎಲ್ಲಿಂದ ಬಂತೋ ಅಲ್ಲಿಗೇ ಹೋಗಬೇಕು, ಅದಕ್ಕೆ ಸ್ವೀಟ್ ಡಬ್ಬಿಯಲ್ಲಿ ಎಂಟು ತೂತು ಮಾಡಿ ನಂಬರ್ ಬರೆದು ಸಿಕ್ಕಿಸಿದೆ. ಪ್ರತಿ ವಯರಿಗೂ ಮಾಸ್ಕಿಂಗ್ ಟೇಪ್ ಚೀಟಿ, ಪ್ರತಿ ಹೆಜ್ಜೆಗೂ ಫೋಟೋ. ಹೆಡ್ ಬ್ಲಾಕಿಗೆ ಅಂಟಿಕೊಂಡಿತ್ತು. ಆಗ ಸ್ಕ್ರೂಡ್ರೈವರ್ ಹಾಕಿ ಮೀಟೋ ಆಸೆ ಆಗುತ್ತೆ, ಮೀಟಿದರೆ ಅಲ್ಯೂಮಿನಿಯಂ ಮೇಲೆ ಗೀರು ಬಿದ್ದು ಹೆಡ್ ಕೆಡುತ್ತೆ. ಮರದ ಸುತ್ತಿಗೆಯಲ್ಲಿ ಸುತ್ತ ಬಡಿದು ಬಡಿದು ಬಿಡಿಸಿದೆವು.

ವಾಲ್ವ್ ಹೊರಗೆ ತೆಗೆದು ನೋಡಿದರೆ ಅಂಚಲ್ಲಿ ಇಲಿ ಕಚ್ಚಿದ ಹಾಗೆ ಒಂದು ಚೂರು ಇಲ್ಲ. ಸುಟ್ಟುಹೋಗಿದೆ. ಯಾಕೆ ಸುಡುತ್ತೆ ಅನ್ನೋದು ಕೇಳೋ ವಿಷಯ. ಎಕ್ಸಾಸ್ಟ್ ವಾಲ್ವ್ ಮೇಲೆ ಉರಿಯುವ ಅನಿಲ ಹಾಯುತ್ತೆ. ಆ ಶಾಖ ಹೊರಗೆ ಹೋಗೋಕೆ ಮುಖ್ಯ ದಾರಿ ಅಂದ್ರೆ ವಾಲ್ವ್ ಮುಚ್ಚಿ ಸೀಟಿನ ಮೇಲೆ ಕೂತಾಗ, ಆ ಉಂಗುರದ ಮೂಲಕ ಹೆಡ್ಡಿಗೆ, ಅಲ್ಲಿಂದ ನೀರಿಗೆ. ಟ್ಯಾಪೆಟ್ ಸಂದು ಬಿಗಿಯಾಗಿದ್ದರೆ ಬಿಸಿಗೆ ವಾಲ್ವ್ ಉದ್ದವಾದಾಗ ಪೂರ್ತಿ ಮುಚ್ಚೋದೇ ಇಲ್ಲ. ಕೂರೋದಿಲ್ಲ, ತಣಿಯೋದಿಲ್ಲ, ಸುಡುತ್ತೆ. ಸಂದು ಸರಿಯಿದ್ದರೆ ಟ್ಯಾಪೆಟ್ ಸ್ವಲ್ಪ ಟಿಕ್ ಟಿಕ್ ಅನ್ನಲೇಬೇಕು. ಇದನ್ನ ಮಾವನಿಗೆ ವಿವರಿಸ್ತಿದ್ದೆ. ಅವರು ವಾಲ್ವ್ ಕೈಯಲ್ಲಿ ತಿರುಗಿಸಿ ನೋಡಿ ಸುಮ್ಮನಾದರು. ಆಮೇಲೆ ಹೇಳಿದರು: "ಸದ್ದು ಬತ್ತದೆ ಅಂತ ನಿನ್ನತ್ತೆ ಹೇಳ್ತಿದ್ದಳು. ಊರಿಗೆ ಹೋಪು ಮುಂಚೆ ನಾನೇ ಟೈಟ್ ಮಾಡ್ಸಿದ್ದೆ." ಹನ್ನೊಂದು ವರ್ಷ ಇವರು ಗಾಡಿಗೆ ವಯಸ್ಸಾಯ್ತು ಅಂತ ಟಾರ್ಪಾಲು ಹೊದಿಸಿರಲಿಲ್ಲ ಅಂತ ನನಗೆ ಆಗ ಗೊತ್ತಾಯ್ತು. ನಾನೇನೂ ಹೇಳಲಿಲ್ಲ. ಏನು ಹೇಳೋದು?

ಹೊಸ ವಾಲ್ವ್ ಆಪೆರಾ ಹೌಸ್ ಕಡೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸಿಕ್ಕಿತು. ಪೈಪು, ಕ್ಲಿಪ್ಪು, ನಟ್ಟು ಬೋಲ್ಟು ಎಲ್ಲ ನಾಗದೇವಿ ಸ್ಟ್ರೀಟ್‌ನಲ್ಲಿ. ಆಫೀಸ್ ಊಟದ ಬಿಡುವಲ್ಲಿ ಇಲ್ಲಿಂದಲೇ ನಡೆದು ಹೋಗ್ತಿದ್ದೆ. ಹೆಡ್ಡನ್ನ ಲೇತ್ ಅಂಗಡಿಗೆ ಕೊಟ್ಟು ತಳ ಸಮ ಮಾಡಿಸಿ, ಸೀಟ್ ಕತ್ತರಿಸಿಸಿದೆ. ವಾಲ್ವ್ ಗ್ರೈಂಡಿಂಗ್ ಮಾತ್ರ ಮನೆಯಲ್ಲೇ. ವಾಲ್ವ್ ಮುಖಕ್ಕೆ ಪೇಸ್ಟ್ ಹಚ್ಚಿ, ರಬ್ಬರ್ ಕಪ್ ಇರೋ ಕೋಲಿಗೆ ಅಂಟಿಸಿ, ಎರಡು ಅಂಗೈ ನಡುವೆ ಕೋಲನ್ನ ಆಚೆ ಈಚೆ ಉಜ್ಜಬೇಕು. ಅಡುಗೆಮನೆ ಮುಂದೆ ಪೇಪರ್ ಹಾಸಿ ಕೂತಿದ್ದೆ. ಅತ್ತೆ ಹತ್ತು ನಿಮಿಷ ನೋಡಿದರು, ತಡೆಯೋಕಾಗಲಿಲ್ಲ. "ಕಡೆಗೋಲು ಹಾಂಗೆ ಹಿಡಿಯುದಲ್ಲ. ಒತ್ತುದು ಬೇಡ, ತಿರುಗಲಿಕ್ಕೆ ಬಿಡು." ತಗೊಂಡು ತೋರಿಸಿಕೊಟ್ಟರು. ಎಂಟರಲ್ಲಿ ನಾಲ್ಕು ವಾಲ್ವ್ ಅತ್ತೆ ಕಡೆದದ್ದು. ಕೊನೆಗೆ ಹೆಡ್ ಮಗುಚಿ ಚೇಂಬರಿಗೆ ಸೀಮೆಎಣ್ಣೆ ತುಂಬಿ ನೋಡಿದೆವು. ಅರ್ಧ ಗಂಟೆ ಆದ್ರೂ ಒಂದು ಹನಿ ಇಳಿಯಲಿಲ್ಲ.

ಹೆಡ್ ಹೊರಗಿದ್ದ ಆ ಮೂರು ವಾರದಲ್ಲೇ ಎಂಜಿನ್ ಬೇ ಕೆಲಸ ಮಾಡಿದ್ದು. ಯೂಟ್ಯೂಬ್ ನೋಡಿದರೆ ಎಲ್ಲರೂ ಪ್ರೆಷರ್ ವಾಶರ್ ಹಿಡೀತಾರೆ. ನಮ್ಮದು ಸೊಸೈಟಿ ಪಾರ್ಕಿಂಗ್, ಎಣ್ಣೆ ನೀರು ಚರಂಡಿಗೆ ಬಿಟ್ಟರೆ ಸೆಕ್ರೆಟರಿ ಬಿಡ್ತಾರಾ? ಬ್ಲಾಕಿನ ಬಾಯಿ ಭದ್ರವಾಗಿ ಮುಚ್ಚಿ, ಡೀಸೆಲ್ ಅದ್ದಿದ ಬ್ರಷ್‌ನಲ್ಲಿ ಉಜ್ಜಿ, ಕೆಳಗೆ ಟ್ರೇ ಇಟ್ಟು, ಮರದ ಹೊಟ್ಟು ಚೆಲ್ಲಿ ಗುಡಿಸಿದೆವು. ನಿಧಾನ, ಆದ್ರೆ ಏನೆಲ್ಲ ಹಾಳಾಗಿದೆ ಅಂತ ಕೈಗೆ ಗೊತ್ತಾಗುತ್ತೆ. ಬ್ಯಾಟರಿ ಕೂರೋ ತಗಡು ಆಸಿಡ್‌ಗೆ ತಿಂದುಹೋಗಿತ್ತು. ಇಲಿಗಳು ಹೆಡ್‌ಲೈಟ್ ವಯರ್ ಕಡಿದಿದ್ದವು, ಮುಂಬೈ ಇಲಿಗಳ ಬಗ್ಗೆ ನಾನೇನು ಹೇಳೋದು. ರೇಡಿಯೇಟರ್‌ನಲ್ಲಿ ಕೆಸರು. ಥರ್ಮೋಸ್ಟ್ಯಾಟ್ ಇರಬೇಕಾದ ಜಾಗ ಖಾಲಿ! ನಮ್ಮ ಕಡೆ ಬಿಸಿ ಜಾಸ್ತಿ ಅಂತ ಮೆಕ್ಯಾನಿಕ್‌ಗಳು ಅದನ್ನ ತೆಗೆದು ಬಿಸಾಕೋದು ವಾಡಿಕೆ. ಎಂಜಿನ್ ಬೇಗ ತನ್ನ ಶಾಖಕ್ಕೆ ಬರದೇ ಇದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ, ಸವೆತವೂ ಜಾಸ್ತಿ. ಹೊಸದು ಹಾಕಿದೆ.

ತುಕ್ಕು ಕೆರೆದು, ಪ್ರೈಮರ್ ಹೊಡೆದು, ಬೇಗೆ ಬಾಡಿಯದೇ ಬಿಳಿ ಬಣ್ಣ ಹಚ್ಚಿದೆ. ಕಪ್ಪು ಹೊಡಿ, ಕೊಳೆ ಕಾಣಲ್ಲ ಅಂದವರಿದ್ದರು. ಕೊಳೆ ಕಾಣಬೇಕು. ಎಲ್ಲಿ ಎಣ್ಣೆ ಜಿನುಗುತ್ತೆ ಅಂತ ಬಿಳಿ ಮೇಲೆ ಮರುದಿನವೇ ಕಾಣುತ್ತೆ. ಶೋಗೆ ಅಂತ ಹೊಳಪಿಸಿದ ಎಂಜಿನ್ ಬೇಗಳ ಬಗ್ಗೆ ನನಗೆ ಅಷ್ಟೇನೂ ಗೌರವ ಇಲ್ಲ, ಕ್ಷಮಿಸಿ.

ಇನ್ನೊಂದು ಮುಖ್ಯ ವಿಷಯ ಪೆಟ್ರೋಲ್ ಪೈಪು. ಈಗ ಬಂಕ್‌ಗಳಲ್ಲಿ ಸಿಗೋದು ಶೇ. 20 ಎಥನಾಲ್ ಬೆರೆತದ್ದು. 1986ರ ರಬ್ಬರ್ ಅದಕ್ಕೆ ಮಾಡಿದ್ದಲ್ಲ, ಊದಿಕೊಂಡು ಬಿರಿಯುತ್ತೆ. ಬಿಸಿ ಎಕ್ಸಾಸ್ಟ್ ಪಕ್ಕದಲ್ಲಿ ಪೆಟ್ರೋಲ್ ಸೋರಿದರೆ ಏನಾಗುತ್ತೆ ಅಂತ ನೀವೇ ಯೋಚಿಸಿ. ಎಥನಾಲ್ ತಡೆಯೋ ಪೈಪು, ಪೆಟ್ರೋಲ್ ಪಂಪಿಗೆ ಹೊಸ ಡಯಾಫ್ರಮ್, ಪಕ್ಕದಲ್ಲೊಂದು ಬೆಂಕಿ ಆರಿಸೋ ಸಿಲಿಂಡರ್. ಹಳೇ ಕಾರಿರೋರು ಬೇರೆ ಏನು ಮಾಡದಿದ್ರೂ ಇದನ್ನ ಈ ವಾರವೇ ಮಾಡಿ. ಸೀಸವಿಲ್ಲದ ಪೆಟ್ರೋಲ್‌ಗೆ ವಾಲ್ವ್ ಸೀಟ್ ಸವೆಯುತ್ತಲ್ಲ ಅಂತ ಕೆಲವರು ಕೇಳ್ತಾರೆ. 2000ದಿಂದ ದೇಶದಲ್ಲಿ ಸೀಸದ ಪೆಟ್ರೋಲೇ ಇಲ್ಲ. ಈ ಎಂಜಿನ್‌ನಲ್ಲಿ ಅಲ್ಯೂಮಿನಿಯಂ ಹೆಡ್ ಆದ್ದರಿಂದ ಸೀಟ್‌ಗಳು ಬೇರೆ ಲೋಹದ ಉಂಗುರಗಳು. ಅದರ ಚಿಂತೆ ನಾನು ಮಾಡಲಿಲ್ಲ.

ಡಿಸೆಂಬರ್‌ನಲ್ಲಿ ಹೆಡ್ ಮತ್ತೆ ಕೂರಿಸಿದೆವು. ನಟ್‌ಗಳನ್ನ ನಡುವಿನಿಂದ ಹೊರಕ್ಕೆ, ಮೂರು ಸುತ್ತಲ್ಲಿ, ಟಾರ್ಕ್ ರೆಂಚ್‌ನಲ್ಲಿ. ಟ್ಯಾಪೆಟ್ ಸೆಟ್ ಮಾಡೋಕೆ ಒಂದು ಚಂದದ ಲೆಕ್ಕ ಇದೆ, ಒಂಬತ್ತರ ಲೆಕ್ಕ. ಒಂದನೇ ವಾಲ್ವ್ ಪೂರ್ತಿ ತೆರೆದಾಗ ಎಂಟನೆಯದನ್ನ ಸೆಟ್ ಮಾಡಿ, ಎರಡು ತೆರೆದಾಗ ಏಳು, ಮೂರು ತೆರೆದಾಗ ಆರು, ಕೂಡಿದರೆ ಯಾವಾಗಲೂ ಒಂಬತ್ತು. ಮೇಸ್ತ್ರಿ ಇದನ್ನ ಬೆರಳಲ್ಲಿ ಎಣಿಸಿ ಹೇಳಿಕೊಟ್ಟರು. ಫೀಲರ್ ಗೇಜ್ ಮಾವನ ಕೈಯಲ್ಲಿತ್ತು. ಪ್ರತಿ ಸಂದನ್ನೂ ಎರಡೆರಡು ಸಲ ನೋಡಿದರು.

ಎಲ್ಲ ಮುಗೀತು, ಪ್ಲಗ್ ಹಾಕೋದೊಂದೇ ಬಾಕಿ. ಭಾನುವಾರ ಸಂಜೆ, ಸುಸ್ತು, ಮನೆಯಿಂದ ಹೆಂಡತಿ ಮೂರನೇ ಸಲ ಫೋನ್. ಪ್ಲಗ್‌ನ ಮೊದಲ ನಾಲ್ಕೈದು ಸುತ್ತು ಬರೀ ಬೆರಳಲ್ಲಿ ತಿರುಗಿಸಬೇಕು ಅಂತ ನನಗೆ ಚೆನ್ನಾಗಿ ಗೊತ್ತು. ಎರಡನೇ ಸಿಲಿಂಡರ್‌ಗೆ ಸೀದಾ ಪಾನಾ ಹಾಕಿದೆ. ಬಿಗಿ ಅನ್ನಿಸಿತು, ಇನ್ನಷ್ಟು ಒತ್ತಿದೆ. ಆಮೇಲೆ ಸುಲಭವಾಗಿ ತಿರುಗಿತು. ತೆಗೆದು ನೋಡಿದರೆ ಪ್ಲಗ್ ತುದಿಯಲ್ಲಿ ಬೆಳ್ಳಿ ಸುರುಳಿ. ಹೆಡ್‌ನ ಥ್ರೆಡ್ಡೇ ಕಿತ್ತು ಬಂದಿತ್ತು. ಮೂರು ತಿಂಗಳು ಮಾಡಿದ ಕೆಲಸ, ಚೆನ್ನಾಗಿದ್ದ ಸಿಲಿಂಡರ್. ನಾನು ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟೆ. ಮಾವ ಬಂದು ನೋಡಿದರು, ಒಂದು ಮಾತೂ ಬೈಯಲಿಲ್ಲ. "ಟೈಟ್ ಮಾಡುದು ನಮ್ಮ ಮನೆ ರೋಗ ಕಾಣ್ತದೆ" ಅಂದರು. ಅಷ್ಟು ದಿನದಲ್ಲಿ ಅವರು ನಕ್ಕದ್ದು ಅವತ್ತೇ.

ಮುಂದಿನ ಶನಿವಾರ ಮೇಸ್ತ್ರಿಯೇ ಮುಲುಂಡ್‌ಗೆ ಬಂದರು. ಟ್ಯಾಪ್‌ಗೆ ದಪ್ಪ ಗ್ರೀಸ್ ಹಚ್ಚಿ, ಲೋಹದ ಪುಡಿ ಒಳಗೆ ಬೀಳದ ಹಾಗೆ ಕತ್ತರಿಸಿ, ಉಕ್ಕಿನ ಥ್ರೆಡ್ ಇನ್ಸರ್ಟ್ ಕೂರಿಸಿದರು. ಕಂಪ್ರೆಷನ್ ಮತ್ತೆ ಅಳೆದೆವು: 119, 120, 112, 117. ಸ್ಟಾರ್ಟ್ ಮಾಡಿದರೆ ಕಾರ್ಬೊರೇಟರ್‌ನಿಂದ ಢಂ ಅಂತ ಬೆಂಕಿ ಉಗುಳಿತು. ಫೈರಿಂಗ್ ಆರ್ಡರ್ 1-3-4-2, ನಾನು ಎರಡು ವಯರ್ ಅದಲು ಬದಲು ಮಾಡಿದ್ದೆ, ಅಷ್ಟೆಲ್ಲ ಚೀಟಿ ಅಂಟಿಸಿಯೂ. ಸರಿ ಮಾಡಿ ಹೊಡೆದಾಗ ಹತ್ತಿಕೊಂಡಿತು. ಟ್ಯಾಪೆಟ್ ಟಿಕ್ ಟಿಕ್ ಅಂತಿತ್ತು. ಮಾವ ಬಾನೆಟ್ ಪಕ್ಕ ನಿಂತು ಆ ಸದ್ದನ್ನೇ ಕೇಳ್ತಿದ್ದರು.

ಕಾಗದಪತ್ರದ ಕಥೆ ಬೇಗ ಮುಗಿಸ್ತೀನಿ. ಹದಿನೈದು ವರ್ಷ ದಾಟಿದ ಖಾಸಗಿ ಕಾರಿನ ಆರ್‌ಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ನಾವು ಕಟ್ಟಿದಾಗ ಶುಲ್ಕ 5,000, ಮೇಲೆ ತಡವಾದದ್ದಕ್ಕೆ ದಂಡ, ಪರಿಸರ ತೆರಿಗೆ, ಇನ್ಶೂರೆನ್ಸ್. ಐವತ್ತು ವರ್ಷ ಆಗಿಲ್ಲವಾದ್ದರಿಂದ 2021ರ ವಿಂಟೇಜ್ ನಿಯಮ ನಮಗೆ ಅನ್ವಯಿಸಲ್ಲ. ಪಿಯುಸಿಯಲ್ಲಿ ಇಂಥ ಹಳೇ ಪೆಟ್ರೋಲ್ ಕಾರಿಗೆ ಕಾರ್ಬನ್ ಮೊನಾಕ್ಸೈಡ್ ಶೇ. 3ರ ಒಳಗಿರಬೇಕು. ಮೊದಲ ಸಲ 4.6 ಬಂತು, ಕಾರ್ಬೊರೇಟರ್ ಮಿಕ್ಸ್ಚರ್ ಸ್ಕ್ರೂ ಕಾಲು ಕಾಲು ಸುತ್ತು ತಿರುಗಿಸಿ 2.1ಕ್ಕೆ ಇಳಿಸಿದೆವು. ಎಲ್ಲ ಸೇರಿ ನನಗೆ ಬಿದ್ದದ್ದು ಸುಮಾರು 58,000. ಮೊದಲ ಪ್ಲಾನ್ ಹಿಡಿದಿದ್ದರೆ ಅದರ ಮೂರು ಪಟ್ಟು ಆಗ್ತಿತ್ತು, ಜನವರಿಯಲ್ಲಿ ಎಂಜಿನ್ ನೆಲದ ಮೇಲೆ ಬಿಡಿಬಿಡಿಯಾಗಿ ಬಿದ್ದಿರ್ತಿತ್ತು.

ಜನವರಿ ಮೂರನೇ ವಾರ ಮಾವ ತಾವೇ ಓಡಿಸಿಕೊಂಡು ಗೇಟ್ ದಾಟಿದರು. ಹೊಸ ಬಾಡಿಗೆ ಮನೆ ಎರಡು ಕಿಲೋಮೀಟರ್ ದೂರ. ಅತ್ತೆ ರಿಕ್ಷಾದಲ್ಲಿ ಬಂದರು.

ಹಿಂದಿನ ಆಯಿಲ್ ಸೀಲ್ ಇನ್ನೂ ಸ್ವಲ್ಪ ಸೋರುತ್ತೆ, ಅದಕ್ಕೆ ಗೇರ್ ಬಾಕ್ಸ್ ಇಳಿಸಬೇಕು, ಸದ್ಯಕ್ಕೆ ಕೆಳಗೆ ಒಂದು ಟ್ರೇ ಇಡ್ತೀವಿ. ಸಿಗ್ನಲ್‌ನಲ್ಲಿ ತುಂಬ ಹೊತ್ತು ನಿಂತರೆ ಪಂಪ್‌ನಲ್ಲಿ ಪೆಟ್ರೋಲ್ ಆವಿಯಾಗಿ ಎಂಜಿನ್ ಉಸಿರು ಕಟ್ಟುತ್ತೆ, ಅದಕ್ಕೆ ಇವತ್ತಿಗೂ ಔಷಧ ಒದ್ದೆ ಬಟ್ಟೆಯೇ. ಇವತ್ತು ಬರುವಾಗ ಸಯನ್ ಹತ್ತಿರ ಒಂದು ಸಲ ಹಾಕಬೇಕಾಯ್ತು. ಲಾಲ್‌ಬಾಗ್ ಫ್ಲೈಓವರ್ ಮಾತ್ರ ನಿಲ್ಲದೇ ದಾಟಿತು. ಯಾರೂ ಮಾತಾಡಲಿಲ್ಲ, ಇಳಿದ ಮೇಲೆ ಮಾವ ಹಾರ್ನ್ ಹೊಡೆದರು.

ಅತ್ತೆ ಇವತ್ತು ಕಾರಲ್ಲೇ ಬಂದಿದ್ದಾರೆ, ಅಲ್ಲಿ ಎರಡನೇ ಸಾಲಲ್ಲಿ ಕೂತಿದ್ದಾರೆ. ವಾಪಸ್ ಹೋಗೋದು ಲೋಕಲ್‌ನಲ್ಲಿ ಅಂತ ಈಗಲೇ ಹೇಳಿಬಿಟ್ಟಿದ್ದಾರೆ. ಪ್ರಶ್ನೆ ಇದ್ದವರು ಕೆಳಗೆ ಬನ್ನಿ, ಬಾನೆಟ್ ತೆಗೆದು ಮಾತಾಡೋಣ. ಬಿಸಿ ಇದೆ, ಮ್ಯಾನಿಫೋಲ್ಡ್ ಮುಟ್ಟಬೇಡಿ.